ನಳಿಕೆಗೆ ಹಚ್ಚಿದ ತೆಂಗಿನೆಣ್ಣೆ

ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಹಿಮ ನೋಡಿದ್ರಾ ಟೀಚರ್?" ಮೇ ತಿಂಗಳಲ್ಲಿ ಎಲ್ಲಿಯ ಹಿಮ! ಹಿಮ ನೋಡಲಿಲ್ಲ, ಅರಮನೆ ನೋಡಲಿಲ್ಲ, ನದಿಯಲ್ಲಿ ದೋಣಿ ಹತ್ತಲಿಲ್ಲ. ಒಂದು ವಾರ ಜರ್ಮನಿಯಲ್ಲಿದ್ದು ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಗೋಡೆಯ ಮೇಲಿನ ಪರದೆಯಲ್ಲಿದ್ದ ಒಂದು ಅಂಕಿಯನ್ನು. ಅದು ಇಳಿಯಬೇಕಿತ್ತು. ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಎಂಬುದೇ ನನ್ನ ಪ್ರವಾಸ.

ಆ ಊರಿನ ಹೆಸರು ಬರೆಯುವುದಿಲ್ಲ. ಉತ್ತರ ಜರ್ಮನಿ ಎಂದಷ್ಟೇ ಇಟ್ಟುಕೊಳ್ಳಿ. ಅವರ ಯಂತ್ರಕ್ಕೆ ನಾನು ಮಾಡಿದ ಉಪಕಾರ ಅಂಥದ್ದು.

ಮಡಂತ್ಯಾರು

ನಾನು ಮೂಡಬಿದ್ರೆಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಮನೆ ನರಿಕೊಂಬಿನಲ್ಲಿ. ಕಲಿಸುತ್ತಲೇ ಪಿಎಚ್‌.ಡಿ.ಗೆ ಸೇರಿ ಎಂಟು ವರ್ಷವಾಗಿತ್ತು. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿ, ಮೂರನೆಯ ಸಲ ಇದೇ ಕೊನೆ ಎಂದು ಕಾಗದ ಕಳಿಸಿತ್ತು. ಪ್ರಬಂಧದಲ್ಲಿ ಲೆಕ್ಕಗಳಿದ್ದವು, ನಕ್ಷೆಗಳಿದ್ದವು. ಪ್ರಯೋಗದ ಒಂದೇ ಒಂದು ಚಿತ್ರ ಇರಲಿಲ್ಲ. ಅಂಥ ಚಿತ್ರ ತೆಗೆಯುವ ಯಂತ್ರ ನಮ್ಮ ಸೀಮೆಯಲ್ಲಿ ಎಲ್ಲಿದೆ? ಪತ್ರ ಬರೆದು ಬರೆದು, ಕಾಡಿ ಬೇಡಿ, ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ ಮೂರು ದಿನ ಗಿಟ್ಟಿಸಿಕೊಂಡಿದ್ದೆ. ಆ ಮೂರು ದಿನಗಳಲ್ಲಿ ಚಿತ್ರ ಸಿಕ್ಕರೆ ಪಿಎಚ್‌.ಡಿ. ಸಿಗದಿದ್ದರೆ ಎಂಟು ವರ್ಷ ನೇತ್ರಾವತಿಗೆ.

ಕೆಲಸವೇನೆಂದು ಒಮ್ಮೆ ಹೇಳಿ ಮುಗಿಸುತ್ತೇನೆ. ಒಂದು ಸಣ್ಣ ನಳಿಕೆಯಿಂದ ಅನಿಲ ಚಿಮ್ಮಿಸಿ ಅದರೊಳಗೆ ಭಾರಿ ಬಲದ ಲೇಸರ್ ಹೊಡೆದರೆ, ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು ಪ್ಲಾಸ್ಮಾ ಆಗುತ್ತದೆ. ಓಡುವ ದೋಣಿಯ ಹಿಂದೆ ನೀರು ಏಳುವ ಹಾಗೆ ಲೇಸರಿನ ಹಿಂದೆ ಒಂದು ಅಲೆ ಏಳುತ್ತದೆ. ಆ ಅಲೆಯನ್ನು ಹತ್ತಿದ ಎಲೆಕ್ಟ್ರಾನು ಕೆಲವೇ ಮಿಲಿಮೀಟರು ಓಡುವಷ್ಟರಲ್ಲಿ, ಹಳೆಯ ಬಗೆಯ ಯಂತ್ರದಲ್ಲಿ ಮೀಟರುಗಟ್ಟಲೆ ಓಡಿದರೆ ಸಿಗುವಷ್ಟು ಶಕ್ತಿ ಪಡೆದುಬಿಡುತ್ತದೆ. ಕಷ್ಟವಿರುವುದು ಹತ್ತುವುದರಲ್ಲಿ. ಬಿ.ಸಿ.ರೋಡಿನಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ಬಸ್ಸನ್ನು ನಿಂತಲ್ಲಿಂದ ಹತ್ತಲು ಯಾರಿಗಾದರೂ ಸಾಧ್ಯವೇ? ರಸ್ತೆಯ ಹಂಪಿನ ಬಳಿ ಬಸ್ಸು ಒಂದು ಕ್ಷಣ ನಿಧಾನವಾದರೆ ಹತ್ತಬಹುದು. ನಮ್ಮ ಪ್ರಯೋಗದ ಹಂಪು ಒಂದು ಶೇವಿಂಗ್ ಬ್ಲೇಡು. ಚಿಮ್ಮುವ ಅನಿಲಕ್ಕೆ ಬ್ಲೇಡಿನ ಅಂಚು ತಾಗಿಸಿದರೆ ಅನಿಲ ಅಲ್ಲಿ ಒತ್ತಾಗಿ, ಅದರಾಚೆ ತಟ್ಟನೆ ತೆಳುವಾಗುತ್ತದೆ. ತೆಳುವಾದಲ್ಲಿ ಅಲೆ ಒಂದು ಕ್ಷಣ ಹಿಂಜರಿಯುತ್ತದೆ, ಎಲೆಕ್ಟ್ರಾನುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಇದಕ್ಕೆ ಇಂಜೆಕ್ಷನ್ ಎನ್ನುತ್ತಾರೆ. ಎಲ್ಲವೂ ಒಂದೇ ಕಡೆ ಹತ್ತಿದರೆ ಕಿರಣ ಅಚ್ಚುಕಟ್ಟು, ಸಿಕ್ಕಸಿಕ್ಕಲ್ಲಿ ಹತ್ತಿದರೆ ಬರೀ ಗಲಾಟೆ. ಬ್ಲೇಡು ಕೂದಲೆಳೆಯಷ್ಟೂ ಅಲುಗದ ಹಾಗೆ ಅದರ ಹಿಡಿಕೆಯನ್ನು ನಳಿಕೆಯ ಬಾಯಿಗೇ ಕೂರಿಸಿದ್ದೇ ನನ್ನ ಇಡೀ ಸಂಶೋಧನೆ.

ಆ ನಳಿಕೆಯನ್ನು ಸ್ಟೀಲಿನಲ್ಲಿ ಕೊರೆದುಕೊಟ್ಟದ್ದು ಮಡಂತ್ಯಾರಿನ ಲೇತ್ ಅಂಗಡಿಯ ಮಯ್ಯದ್ದಿ ಬ್ಯಾರಿ. ಅರವತ್ತು ದಾಟಿದ ಮನುಷ್ಯ. ತೋಟಕ್ಕೆ ಮದ್ದು ಬಿಡುವ ಪಂಪಿನ ಮೂತಿಗಳನ್ನು ನಲವತ್ತು ವರ್ಷ ಮಾಡಿದ ಕೈ. ನಳಿಕೆಯ ಗಂಟಲು ಅರ್ಧ ಮಿಲಿಮೀಟರು ಇರಬೇಕು ಎಂದಾಗ ಅವರು ಹೆದರಲಿಲ್ಲ, ಮುರಿದ ಡ್ರಿಲ್ಲಿನ ತುಂಡನ್ನು ಉಜ್ಜಿ ಅದಕ್ಕೇ ಬೇಕಾದ ಹತಾರ ಮಾಡಿಕೊಂಡರು. ಅವರಿಗೆ ಒಂದು ಅಭ್ಯಾಸ. ಕತ್ತರಿಯಿರಲಿ, ಕತ್ತಿಯಿರಲಿ, ಬಾಗಿಲಿನ ಬಿಜಾಗರಿಯಿರಲಿ, ಅಂಗಡಿಯಿಂದ ಹೊರಡುವ ಪ್ರತಿ ಲೋಹದ ವಸ್ತುವಿಗೂ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒಂದು ಕೈ ಒರೆಸದೆ ಕೊಡುವವರಲ್ಲ. ನಮ್ಮ ಕಡೆಯ ಹವೆಯಲ್ಲಿ ಕಬ್ಬಿಣ ವಾರದೊಳಗೆ ಕೆಂಪಾಗುತ್ತದೆ ತಾನೆ?

"ಇದಕ್ಕೆ ಎಣ್ಣೆ ಮುಟ್ಟಿಸ್ಲಿಕ್ಕಿಲ್ಲ, ಗೊತ್ತುಂಟಲ್ಲ? ಗಾಳಿಯೇ ಇಲ್ಲದ ಪೆಟ್ಟಿಗೆಯೊಳಗೆ ಹೋಗುವ ಸಾಮಾನು," ಎಂದು ನಾನು ನೂರು ಸಲ ಹೇಳಿದ್ದೆ.

"ಎಷ್ಟು ಸಲ ಹೇಳ್ತೀರಿ ಮಾರಾಯ್ರೆ. ಸೋಪು ನೀರಲ್ಲಿ ತೊಳೆದೇ ಕೊಡ್ತೇನೆ," ಎಂದರು. ಹಾಗೆಯೇ ಕೊಟ್ಟರು ಕೂಡ. ನಾನೂ ಕಾಲೇಜಿನಲ್ಲಿ ಸ್ಪಿರಿಟ್ ಹಾಕಿ ತೊಳೆದೆ. ಎಲ್ಲ ಸರಿಯಿತ್ತು. ಹೊರಡುವ ಎರಡು ದಿನ ಮೊದಲು ಬ್ಲೇಡಿನ ಹಿಡಿಕೆಯ ಸ್ಕ್ರೂ ಬಿಗಿ ಎನಿಸಿ ಮತ್ತೆ ಮಡಂತ್ಯಾರಿಗೆ ಹೋದೆ. ಹತ್ತು ನಿಮಿಷದಲ್ಲಿ ಸರಿಮಾಡಿ, ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ನಾನು ಬಿಚ್ಚಿ ನೋಡಲಿಲ್ಲ. ಬಸ್ಸು ಬಂದಿತ್ತು.

ಬಜ್ಪೆ

ಬ್ಯಾಗು ಕಳೆದುಹೋದರೆ ಎಂಬ ಹೆದರಿಕೆಗೆ ನಳಿಕೆಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದ ತಪಾಸಣೆಯವರು ಪೊಟ್ಟಣ ಹೊರಗೆ ತೆಗೆದರು.

"ಇದು ಎಂತ ಮೇಡಂ?"

"ನಳಿಕೆ."

"ಯಾವುದರ ನಳಿಕೆ?"

ಪ್ಲಾಸ್ಮಾ ಎಂದರೆ ಕೆಲಸ ಕೆಡುತ್ತದೆ ಎಂದು ಅನಿಲದ್ದು ಎಂದೆ. ಕೆಲಸ ಇನ್ನೂ ಕೆಟ್ಟಿತು. ಅನಿಲ ಎಂದ ಕೂಡಲೇ ಇನ್ನಿಬ್ಬರು ಬಂದರು. ಜೊತೆಗೆ ಮಯ್ಯದ್ದಿ ಬ್ಯಾರಿ ಪ್ರೀತಿಯಿಂದ ಸೇರಿಸಿಟ್ಟ ಶೇವಿಂಗ್ ಬ್ಲೇಡುಗಳ ಪ್ಯಾಕೆಟ್ಟು ಸಿಕ್ಕಿತು. ಸೀರೆ ಉಟ್ಟ, ಕನ್ನಡಕ ಹಾಕಿದ ಹೆಂಗಸಿಗೆ ಹತ್ತು ಬ್ಲೇಡು ಯಾಕೆ ಎಂದು ಅವರು ಕೇಳಿದರೆ ತಪ್ಪೇ? ಕಾಲೇಜಿನ ಪತ್ರ, ಜರ್ಮನಿಯ ಪತ್ರ ಎಲ್ಲ ತೋರಿಸಿ ನಳಿಕೆ ಉಳಿಸಿಕೊಂಡೆ. ಬ್ಲೇಡು ಅವರ ಡಬ್ಬಿಗೆ ಹೋಯಿತು. ಜರ್ಮನಿಯಲ್ಲಿ ಬ್ಲೇಡಿಗೇನು ಬರವೇ ಎಂದು ಬಿಟ್ಟುಕೊಟ್ಟೆ. ಅವರಲ್ಲಿ ಒಬ್ಬ ಪೊಟ್ಟಣವನ್ನು ಹಿಂದೆ ಕೊಡುವಾಗ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅದನ್ನು ಕಂಡೂ ನನಗೆ ಹೊಳೆಯಲಿಲ್ಲ. ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಬಾಡಿಗೆ ಕೋಣೆ

ಪ್ರಯೋಗಾಲಯದವರು ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಗೊತ್ತುಮಾಡಿದ್ದರು. ಆಕೆ ನಮಸ್ಕಾರ ಹೇಳುವುದಕ್ಕೂ ಮುಂಚೆ ಕಸದ ಡಬ್ಬಿಗಳನ್ನು ಪರಿಚಯಿಸಿದರು. ಒಟ್ಟು ನಾಲ್ಕು. ನಾನು ಚಹಾದ ಚರಟವನ್ನು ಅದರ ಚೀಲದ ಸಮೇತ ಯಾವುದೋ ಒಂದಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ ಅದು ಚೊಕ್ಕವಾದ ಕವರಿನಲ್ಲಿ ನನ್ನ ಬಾಗಿಲಿಗೆ ತೂಗುತ್ತಿತ್ತು, ಚೀಟಿಯ ಸಮೇತ. ಕುಡಿಯಲು ನೀರು ಕೇಳಿದರೆ ಸೋಡಾ ಕೊಡುತ್ತಾರೆ. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ, ಆದರೂ ಸಿಗ್ನಲ್ ಕೆಂಪಿದೆ ಎಂದು ಏಳು ಜನ ಮಾತಿಲ್ಲದೆ ನಿಂತಿರುತ್ತಾರೆ. ಎಂಟನೆಯವಳಾಗಿ ನಾನೂ ನಿಂತೆ, ಹಲ್ಲು ಕಚ್ಚಿಕೊಂಡು. ಬಂಟ್ವಾಳ ಪೇಟೆಯಲ್ಲಿ ಹಾಗೆ ನಿಂತರೆ ಯಾರಾದರೂ ಬಂದು ಹುಷಾರಿಲ್ಲವಾ ಎಂದು ಕೇಳಿಯಾರು.

ಪೆಟ್ಟಿಗೆ ತೆರೆದರೆ ತಲೆಗೆ ಹಚ್ಚಲು ತಂದಿದ್ದ ತೆಂಗಿನೆಣ್ಣೆಯ ಬಾಟಲಿ ಮೇಣದಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಮುಚ್ಚಳ ಸಡಿಲವಾಗಿ ನಾಲ್ಕು ಸೀರೆಗಳಿಗೆ ಮೊದಲೇ ಸೋರಿತ್ತು ಕೂಡ. ಬೇಸಿನ್ನಿಗೆ ಬಿಸಿನೀರು ಬಿಟ್ಟು ಬಾಟಲಿ ಮುಳುಗಿಸಿ, ಕರಗಿದ ಮೇಲೆ ತಲೆಗೆ ಹಚ್ಚಿಕೊಂಡೆ. ಚಳಿಗೆ ನಮ್ಮ ಎಣ್ಣೆಯೂ ಹೆದರಿತಲ್ಲ ಎಂದು ನಕ್ಕೆ. ನಗು ಬಂದದ್ದು ಅದೇ ಕೊನೆ.

ಮೊದಲ ದಿನ

ಯಂತ್ರದ ನಿರ್ವಾತ, ಅಂದರೆ ಗಾಳಿಯಿಲ್ಲದ ಪೆಟ್ಟಿಗೆಯ ಹೊಣೆ ಹೊತ್ತವಳು ಉಟೆ ಎಂಬ ಇಂಜಿನಿಯರು. ನನ್ನ ಪ್ರಾಯದವಳೇ. ಆರಡಿ ಎತ್ತರ, ಚಿಕ್ಕ ಕೂದಲು, ನಗುವುದಕ್ಕೂ ಯಾರದೋ ಸಹಿ ಬೇಕೇನೋ ಎಂಬ ಮುಖ. ಎರಡು ದಿನ ಸುರಕ್ಷತೆಯ ಪಾಠ ಹೇಳಿ, ಪರೀಕ್ಷೆ ಬರೆಸಿ, ಮೂರನೆಯ ದಿನ, ಅಂದರೆ ಯಂತ್ರ ನನ್ನದಾದ ಮೊದಲ ದಿನ, ನನ್ನ ಮುಂದೆ ಒಂದು ಫಾರಂ ಇಟ್ಟಳು. ಒಂದು ಸಾಲು ಹೀಗಿತ್ತು: ಪೊಟ್ಟಣ ಬಿಚ್ಚಿದ ನಂತರ ಈ ಭಾಗವನ್ನು ನಾನು ಸ್ವಚ್ಛಗೊಳಿಸಿದ್ದೇನೆ.

ನಾನು ಪೊಟ್ಟಣ ಬಿಚ್ಚಿದೆ. ನಳಿಕೆಯ ಮೇಲೆ ಮಂಜು ಕವಿದಂಥ ಮಸುಕು. ಇಲ್ಲಿಯ ಚಳಿಗೆ ಹೀಗಾಗಿರಬೇಕು ಎಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಸ್ವಚ್ಛಗೊಳಿಸುವುದಕ್ಕೆ ಅರ್ಧ ದಿನ ಹೋಗುತ್ತದೆ, ನನ್ನ ಬಳಿ ಇರುವುದೇ ಮೂರು ದಿನ, ಹೇಗೂ ಕಾಲೇಜಿನಲ್ಲಿ ತೊಳೆದಿದ್ದೇನಲ್ಲ! ಗುರುತು ಹಾಕಿ ಸಹಿ ಮಾಡಿಬಿಟ್ಟೆ. ಹತ್ತಿರ ನಿಂತಿದ್ದ ಉಟೆ ಮೂಗು ಅರಳಿಸಿ, "ಇಲ್ಲಿ ಯಾರಾದರೂ ಸನ್ ಕ್ರೀಮ್ ಹಚ್ಚಿದ್ದೀರಾ?" ಎಂದಳು. ನನಗೆ ಯಾವ ವಾಸನೆಯೂ ಬರಲಿಲ್ಲ. ಬರುವುದಾದರೂ ಹೇಗೆ? ನನ್ನ ತಲೆ, ನನ್ನ ಸೀರೆ, ನನ್ನ ಚೀಲ, ಎಲ್ಲವೂ ಹುಟ್ಟಿದಂದಿನಿಂದ ಅದೇ ವಾಸನೆ.

ನಳಿಕೆ ಕೂರಿಸಿ, ಪೆಟ್ಟಿಗೆ ಮುಚ್ಚಿ, ಪಂಪು ಹಾಕಿದರು. ಒತ್ತಡದ ಅಂಕಿ ಸರಸರನೆ ಇಳಿದು ಒಂದು ಕಡೆ ನಿಂತಿತು. ಅಲ್ಲಿಂದ ಅಲುಗಲೇ ಇಲ್ಲ. ಉಟೆ ಮೊದಲು ಪಂಪಿನ ಮೇಲೆ ಅನುಮಾನಪಟ್ಟಳು, ಆಮೇಲೆ ರಬ್ಬರ್ ಬಳೆಗಳ ಮೇಲೆ, ಆಮೇಲೆ ಹೊಸದಾಗಿ ಹಾಕಿದ ಪೈಪಿನ ಮೇಲೆ. ಸರಿಯಾಗಿ ಹನ್ನೆರಡಕ್ಕೆ ಎಲ್ಲವನ್ನೂ ಬಿಟ್ಟು ಎಲ್ಲರೂ ತಣ್ಣಗಿನ ಬ್ರೆಡ್ಡು ತಿನ್ನಲು ಹೋದರು. ನಾನು ಮಾತ್ರ ಆ ಅಂಕಿಯನ್ನೇ ನೋಡುತ್ತ ಕೂತೆ. ಅವರ ಪಂಪಿಗೆ, ಅವರ ರಬ್ಬರಿಗೆ, ಅವರ ಬ್ರೆಡ್ಡಿಗೆ ಮನಸ್ಸಿನಲ್ಲೇ ಬೈದೆ. ಇಷ್ಟು ದೊಡ್ಡ ಪ್ರಯೋಗಾಲಯ, ಒಂದು ಪಂಪು ಸರಿಯಾಗಿ ಇಟ್ಟುಕೊಳ್ಳಲು ಬರುವುದಿಲ್ಲವೇ?

ಸಂಜೆ ನಾಲ್ಕಕ್ಕೆ ಒಳಗೆ ಉಳಿದ ಆವಿ ಯಾವುದೆಂದು ತೋರಿಸುವ ಯಂತ್ರ ತಂದರು. ಪರದೆಯ ಮೇಲೆ ಬಾಚಣಿಗೆಯ ಹಲ್ಲುಗಳ ಹಾಗೆ ಗೆರೆಗಳು ಸಾಲಾಗಿ ಎದ್ದವು. "ಎಣ್ಣೆ," ಎಂದಳು ಉಟೆ. ಪೆಟ್ಟಿಗೆ ತೆರೆದು, ನಳಿಕೆ ಹೊರತೆಗೆದು, ದೀಪಕ್ಕೆ ಹಿಡಿದಳು. ಮಯ್ಯದ್ದಿ ಬ್ಯಾರಿ ವಾರಗಟ್ಟಲೆ ಕೊರೆದ ಆ ಗಂಟಲಿನಲ್ಲಿ, ಸ್ಕ್ರೂವಿನ ಸುರುಳಿಯಲ್ಲಿ, ಬೆಳ್ಳಗೆ ಮೇಣ ಕೂತಿತ್ತು. ಆಕೆ ಮೂಸಿ ನೋಡಿ, ನಂತರ ನನ್ನ ತಲೆಯ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ದಿನ

ಬೈಗುಳ ಮರುದಿನ ಬೆಳಿಗ್ಗೆ ಈಮೇಲಿನಲ್ಲಿ ಬಂತು. ನಾಲ್ಕು ಹಂತ, ಆರು ಜನರಿಗೆ ಪ್ರತಿ. ನಳಿಕೆಯನ್ನು ಬಿಸಿ ಸೋಪು ನೀರಿನಲ್ಲಿ, ಆಮೇಲೆ ದ್ರಾವಕದಲ್ಲಿ ತೊಳೆದು, ಒಲೆಯಲ್ಲಿ ಒಣಗಿಸಿ, ಸಣ್ಣ ಪೆಟ್ಟಿಗೆಯೊಂದರಲ್ಲಿ ಪರೀಕ್ಷಿಸಬೇಕು. ಗೆರೆಗಳು ಏಳದಿದ್ದರೆ ನಾಳೆ ಮಧ್ಯಾಹ್ನ ಯಂತ್ರಕ್ಕೆ. ಅಂದರೆ ನನ್ನ ಮೂರು ದಿನಗಳಲ್ಲಿ ಉಳಿದದ್ದು ಅರ್ಧ ದಿನ.

ಮಡಂತ್ಯಾರಿಗೆ ಫೋನು ಹಚ್ಚಿದೆ.

"ನೀವು ಆ ನಳಿಕೆಗೆ ಎಣ್ಣೆ ಹಾಕಿದ್ರಾ?"

"ಹಾಕಿದ್ದಲ್ಲ ಟೀಚರ್, ಒಂದು ಕೈ ಒರೆಸಿದ್ದು. ಸ್ಕ್ರೂ ತಿರುಗಿಸುವಾಗ ಸರಾಗ ಇರ್ಲಿ ಅಂತ."

"ಎಷ್ಟು ಸಲ ಹೇಳಿದ್ದೆ ನಾನು?"

"ಅದು ಮೊದಲ ಸಲಕ್ಕೆ ಅಂತ ಗ್ರಹಿಸಿದೆ. ಅಷ್ಟು ದೂರ ಹೋಗುವ ಸಾಮಾನು, ಒಣಗಿಸಿ ಕಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಮ್ಮ ಬಾಪನ ಕಾಲದಿಂದ ಈ ಅಂಗಡಿಯಿಂದ ಒಣ ಸಾಮಾನು ಹೊರಗೆ ಹೋಗಿಲ್ಲ, ಗೊತ್ತುಂಟಾ?"

ನಾನು ಹಾರಾಡಿದೆ. ಎಂಟು ವರ್ಷ ಹಾಳುಮಾಡಿದಿರಿ ಎಂದೆ. ಇಲ್ಲೊಂದು ಫಾರಂ ಕೊಟ್ಟಿದ್ದಾರೆ, ಯಾರ ತಪ್ಪು ಎಂದು ಬರೆಯಬೇಕು, ನಿಮ್ಮ ಹೆಸರೇ ಬರೆಯುತ್ತೇನೆ ಎಂದೆ. ಜರ್ಮನಿಯ ಆ ಸದ್ದಿಲ್ಲದ ಓಣಿಯಲ್ಲಿ ಎರಡು ಬಾಗಿಲು ತೆರೆದವು. ಅತ್ತ ಕಡೆ ಲೇತಿನ ಸದ್ದು ನಿಂತಿತು.

"ಬರೀರಿ ಟೀಚರ್," ಎಂದರು ಮಯ್ಯದ್ದಿ ಬ್ಯಾರಿ. "ನೀವು ಪರೀಕ್ಷೆ ಪಾಸಾಗ್ಬೇಕಾದವರು. ನನ್ನ ಹೆಸರಿಗೆ ಜರ್ಮನಿಯಲ್ಲಿ ಎಂತ ಆಗ್ಲಿಕ್ಕುಂಟು? ಬರೀರಿ. ಆದ್ರೆ ಒಂದು ಮಾತು, ಒಳಗೆ ತಂತಿ ಹಾಕಿ ಕೆರೆಯುವುದು ಬೇಡ ಹೇಳಿ ಅವರಿಗೆ. ನೂಲಲ್ಲಿ ಪಾಲಿಶ್ ಮಾಡಿದ್ದು. ಗೀರು ಬಿದ್ರೆ ಹೋಯ್ತು."

ಓಡಿಹೋಗಿ ನೋಡಿದರೆ ತೊಳೆಯುವ ಕೋಣೆಯಲ್ಲಿ ಒಬ್ಬಾತ ಸ್ಟೀಲಿನ ಸಪೂರ ತಂತಿ ಹಿಡಿದು ಕೂತಿದ್ದ! ನಾನು ಕಿರುಚಿದ ಕಿರುಚಿಗೆ ತಂತಿ ಕೆಳಗೆ ಬಿತ್ತು.

ಫಾರಂ ಹಿಡಿದು ಉಟೆಯ ಬಳಿ ಹೋದೆ. ಆಕೆ ವಿವರಿಸಿದಳು. ಕಾರಣ ಮಾಡಿದವರು ಎಂದು ಬರೆದರೆ, ಈ ನಳಿಕೆಯನ್ನು ಈ ಸಲ ಬಳಸಬಹುದು, ಆದರೆ ಅವರ ಕೈಯ ಇನ್ನಾವ ವಸ್ತುವೂ ಈ ಕಟ್ಟಡಕ್ಕೆ ಎಂದೂ ಬರುವಂತಿಲ್ಲ. ಕಾರಣ ಸಹಿ ಹಾಕಿದವರು ಎಂದು ಬರೆದರೆ, ಅವರು ಮತ್ತೆ ಸುರಕ್ಷತೆಯ ಪಾಠ ಕೇಳುವ ತನಕ ಯಂತ್ರದ ಕೋಣೆಗೆ ಕಾಲಿಡುವಂತಿಲ್ಲ. ಮುಂದಿನ ಪಾಠ ಮುಂದಿನ ತಿಂಗಳು.

ಬ್ಲೇಡನ್ನು ಹೊಂದಿಸುವುದು ನನ್ನ ಕೈಗೆ ಮಾತ್ರ ಗೊತ್ತಿದ್ದ ಕೆಲಸ. ತಿಂಗಳುಗಟ್ಟಲೆ ಕಾಲೇಜಿನಲ್ಲಿ ಅದನ್ನೇ ಅಭ್ಯಾಸ ಮಾಡಿದ್ದೆ. ನಾನು ಒಳಗೆ ಹೋಗದಿದ್ದರೆ ಆ ಅರ್ಧ ದಿನವೂ ಹೋದ ಹಾಗೆಯೇ. ಪೆನ್ನು ತೆಗೆದು ಮಾಡಿದವರು ಎಂಬ ಸಾಲಿನಲ್ಲಿ ಮೊದಲ ಅಕ್ಷರ ಬರೆದೂ ಬರೆದೆ. ಅವರೇ ಬರೆಯಿರಿ ಎಂದಿದ್ದಾರಲ್ಲ? ಹಾಗೆ ಅವರು ಹೇಳದೇ ಇದ್ದಿದ್ದರೆ ಪೂರ್ತಿ ಬರೆಯುತ್ತಿದ್ದೆನೋ ಏನೋ. ಎಂಥ ಸಂಕಟಕ್ಕೆ ಸಿಕ್ಕಿಸಿದರು ಮಾರಾಯರು! ಎಣ್ಣೆ ಒರೆಸಿದ್ದು ಅವರು ಹೌದು. ಆದರೆ ತೊಳೆಯದೆ ತೊಳೆದಿದ್ದೇನೆ ಎಂದು ಸಹಿ ಹಾಕಿದ ಕೈ ಯಾರದು?

ಅಕ್ಷರವನ್ನು ಹೊಡೆದುಹಾಕಿ ಕೆಳಗಿನ ಸಾಲಿನಲ್ಲಿ ನನ್ನ ಹೆಸರು ಬರೆದೆ. ಉಟೆ ಓದಿ, "ಇದು ನಿಜವೇ?" ಎಂದಳು. ನಿಜ ಎಂದೆ. ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಾದೆ. ಆಕೆ ಕೈ ಚಾಚಿ, "ಹಾಗಾದರೆ ಯಂತ್ರದ ಕೋಣೆಗೆ ಹೋಗುವ ನಿಮ್ಮ ಬಿಲ್ಲೆ ಕೊಡಿ," ಎಂದಳು.

ಮೂರನೆಯ ದಿನ

ಮಧ್ಯಾಹ್ನಕ್ಕೆ ಪರೀಕ್ಷೆಯ ಗೆರೆಗಳು ಮಲಗಿದವು. ನಳಿಕೆ ಪಾಸು. ಒಡತಿ ಮಾತ್ರ ಹೊರಗೆ.

ಉಟೆ ಒಳಗೆ ಹೋಗಿ ನಳಿಕೆ ಕೂರಿಸಿದಳು. ನಾನು ನಿಯಂತ್ರಣದ ಕೋಣೆಯಲ್ಲಿ ಕ್ಯಾಮೆರಾದ ಚಿತ್ರ ನೋಡುತ್ತ ಮೈಕಿನಲ್ಲಿ ಹೇಳಬೇಕು, ಆಕೆ ಬ್ಲೇಡಿನ ತಿರುಪು ತಿರುಗಿಸಬೇಕು. ಸ್ವಲ್ಪ ಮುಂದೆ ಎಂದರೆ ಎಷ್ಟು ಮೈಕ್ರಾನ್ ಎಂದು ಕೇಳುತ್ತಾಳೆ. ನನ್ನ ಬೆರಳಿಗೆ ಗೊತ್ತಿರುವುದನ್ನು ಮೈಕ್ರಾನಿನಲ್ಲಿ ಹೇಗೆ ಹೇಳಲಿ? ಮುಕ್ಕಾಲು ಗಂಟೆ ಹೀಗೇ ಹೋಯಿತು. ಕೊನೆಗೆ ತಾಳ್ಮೆ ತಪ್ಪಿ ಬಾಯಿಗೆ ಬಂದದ್ದು ಬಸ್ಸನ್ನು ಮುಂದೆ ಬಿಡಿಸಿ ಗಕ್ಕನೆ ನಿಲ್ಲಿಸುವ ಬಂಟ್ವಾಳದ ಕಂಡಕ್ಟರನ ಭಾಷೆ: "ಪೋಯಿ, ಪೋಯಿ, ಪೋಯಿ... ಹೋಲ್ಡಾನ್!"

ಉಟೆಯ ಕೈ ನಿಂತಿತು. ಬ್ಲೇಡು ಸರಿಯಾಗಿ ಅಲ್ಲೇ ಇತ್ತು. ಆಕೆ ಕ್ಯಾಮೆರಾದ ಕಡೆ ತಿರುಗಿ, "ಈ ಪದ್ಧತಿ ಮೊದಲೇ ಹೇಳಬಹುದಿತ್ತು," ಎಂದಳು.

ಕೋಣೆ ಮುಚ್ಚಿ ಲೇಸರ್ ಹೊಡೆಯಲು ಶುರುಮಾಡುವಾಗ ಮೂರು ಗಂಟೆ. ಐದಕ್ಕೆ ಯಂತ್ರ ಬೇರೆಯವರಿಗೆ. ಎಲೆಕ್ಟ್ರಾನು ಬಡಿದರೆ ಹಸಿರಾಗಿ ಹೊಳೆಯುವ ಒಂದು ಪರದೆ ಇತ್ತು. ಅದು ಕಪ್ಪಗೆ ಕೂತಿತ್ತು. ಅನಿಲದ ಒತ್ತಡ ಹೆಚ್ಚಿಸಿದೆವು, ಕಪ್ಪು. ಲೇಸರನ್ನು ಸರಿಸಿದೆವು, ಕಪ್ಪು. ನಾಲ್ಕೂಕಾಲಿಗೆ ಪರದೆಯ ತುಂಬ ಹಸಿರು ಚೆಲ್ಲಾಪಿಲ್ಲಿ, ಸಿಕ್ಕಸಿಕ್ಕಲ್ಲಿ ಹತ್ತಿದ ಪ್ರಯಾಣಿಕರು. ಯಂತ್ರ ನಡೆಸುವವನು ಸೇಬು ತಿನ್ನುತ್ತ ಗಡಿಯಾರ ನೋಡುತ್ತಿದ್ದ. ನನಗೆ ಅಳು ಬರುವುದೊಂದು ಬಾಕಿ.

ಉಟೆ ಒತ್ತಡವನ್ನು ಚೂರು ಚೂರೇ ಇಳಿಸಿದಳು. ಐದಕ್ಕೆ ಎಂಟು ನಿಮಿಷವಿರುವಾಗ ಕಪ್ಪು ಪರದೆಯ ನಡುವೆ ಒಂದೇ ಒಂದು ಚುಕ್ಕೆ ಬಂತು. ಸಣ್ಣದು, ದುಂಡಗಿನದು, ಅಂಚು ಕತ್ತರಿಸಿದ ಹಾಗೆ ಸ್ಪಷ್ಟ. ಮುಂದಿನ ಹೊಡೆತಕ್ಕೆ ಮತ್ತೆ ಅಲ್ಲೇ. ಮತ್ತೆ ಅಲ್ಲೇ. ಬ್ಲೇಡು ಅಲುಗಿರಲಿಲ್ಲ. ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಹನ್ನೊಂದಾಗುವಾಗ ಪರದೆ ಆರಿತು. ಐದು ಗಂಟೆ.

"ಇನ್ನು ಹತ್ತೇ ನಿಮಿಷ," ಎಂದೆ. ಸೇಬಿನವನು ತಲೆಯಲ್ಲಾಡಿಸಿ ಗಡಿಯಾರ ತೋರಿಸಿದ. ಎಂಟು ವರ್ಷ ಕಾದವಳಿಗೆ ಹತ್ತು ನಿಮಿಷ ಕೊಡದ ಜನ! ಆದರೆ ಉಟೆ ನನ್ನ ಪಕ್ಕದಲ್ಲಿ ಬಂದು ಕೂತಳು. "ಇಂಥ ಇನ್ನೊಂದು ನಳಿಕೆ ಬೇಕು," ಎಂದಳು. "ಮಾಡಿದವರ ಹೆಸರು ನಮ್ಮ ಪಟ್ಟಿಯಲ್ಲಿ ಸ್ವಚ್ಛವಾಗಿದೆ. ಒಣಗಿದ್ದು ಕಳಿಸಲು ಹೇಳಿ."

ಮತ್ತೆ ಮಡಂತ್ಯಾರು

ಹನ್ನೊಂದು ಚುಕ್ಕೆ ಸಾಕು ಎಂದರು ಗೈಡು, ಹನ್ನೆರಡಿದ್ದರೆ ಒಳ್ಳೆಯದಿತ್ತು ಎಂಬ ಮುಖ ಮಾಡಿ. ರಟ್ಟು ಹಾಕಿಸಿದ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಮುನ್ನಾದಿನ, ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು, ಅದನ್ನು ಎದೆಗವಚಿಕೊಂಡು ಮಡಂತ್ಯಾರಿಗೆ ಹೋದೆ. ಉಟೆಯ ನಳಿಕೆ ತಯಾರಾಗಿತ್ತು.

ಮಯ್ಯದ್ದಿ ಬ್ಯಾರಿ ನನ್ನ ಮುಖ ನೋಡಲಿಲ್ಲ. "ಹೆಸರು ಬರೆದ್ರಾ ಟೀಚರ್?" ಎಂದರು.

ಪುಟ ತೆರೆದು ಹಸಿರು ಚುಕ್ಕೆಯ ಕೆಳಗಿನ ಸಾಲನ್ನು ಓದಿ ಹೇಳಿದೆ: ನಳಿಕೆ ತಯಾರಿಸಿದವರು ಮಯ್ಯದ್ದಿ, ಮಡಂತ್ಯಾರು. ಎಣ್ಣೆಯ ವಿಷಯ ಎಲ್ಲಿ ಬರೆದಿದೆ ಎಂದು ಕೇಳಿದರು. ಅದು ಅಲ್ಲಿಯ ಫಾರಮಿನಲ್ಲಿದೆ, ಅಲ್ಲಿರುವುದು ನನ್ನ ಹೆಸರು ಎಂದೆ. ಅವರು ತುಂಬ ಹೊತ್ತು ಆ ಚುಕ್ಕೆಯನ್ನೇ ನೋಡಿದರು.

ಆಮೇಲೆ ಹೊಸ ನಳಿಕೆಯನ್ನು ತಂದರು. ಒಗೆದ ಬಿಳಿ ಬಟ್ಟೆಯಲ್ಲಿ ಹಿಡಿದು, ಬೆರಳು ತಾಗಿಸದೆ, ಹೊಸ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ ಮುಚ್ಚಿದರು. ಖಟಖಟ ಒಣ ನಳಿಕೆ. ಕೊಡುವಾಗ ಅವರ ಮುಖ ಊಟ ಹಾಕದೆ ನೆಂಟರನ್ನು ಕಳಿಸುವವರ ಹಾಗಿತ್ತು. ಒಂದು ಕೈ ತಾನಾಗಿಯೇ ಎಣ್ಣೆಯ ಬಾಟಲಿಯ ಕಡೆ ಹೋಗಿ ಹಿಂದೆ ಬಂತು. ಬಸ್ಸಿನ ಹಾರನ್ ಕೇಳಿಸಿತು. ನಾನು ಎದ್ದೆ.

"ಆ ಕೊಡೆಯನ್ನಾದ್ರೂ ಕೊಡಿ ಇಲ್ಲಿ," ಎಂದರು.

ಕಸಿದುಕೊಂಡರು ಎನ್ನಬೇಕು. ಕೊಡೆಯ ಕಡ್ಡಿ ಕಡ್ಡಿಗೂ, ಸ್ಪ್ರಿಂಗಿಗೂ ಬಟ್ಟೆಯಲ್ಲಿ ಒಂದು ಕೈ ಒರೆಸಿ, ಎರಡು ಸಲ ತೆರೆದು ಮುಚ್ಚಿ, "ಈಗ ಹೋಗಿ," ಎಂದರು.

ಬಂಟ್ವಾಳದ ಬಸ್ಸಿನಲ್ಲಿ ಕೂತ ಮೇಲೆ ನೋಡುತ್ತೇನೆ, ಮಡಿಲಲ್ಲಿದ್ದ ಪ್ರಬಂಧದ ಹೊಸ ರಟ್ಟಿನ ಮೇಲೆ ಕೊಡೆಯಿಂದ ಒಂದು ಹನಿ ಇಳಿದು ದುಂಡಗೆ ಹರಡಿತ್ತು. ನೀರಾಗಿದ್ದರೆ ಒಣಗುತ್ತಿತ್ತು. ಕರವಸ್ತ್ರದಲ್ಲಿ ಉಜ್ಜಿದೆ, ಹೋಗಲಿಲ್ಲ. ನಾಳೆ ಬೆಳಿಗ್ಗೆ ಕೊಡಬೇಕಾದ ಪ್ರತಿ! ಬೈಯೋಣವೆಂದು ಫೋನು ತೆಗೆದವಳು ಪುಸ್ತಕವನ್ನು ಮುಖದ ಹತ್ತಿರ ತಂದೆ. ನನ್ನ ನಲವತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ಆ ವಾಸನೆ ಬಂತು. ಫೋನು ಒಳಗಿಟ್ಟೆ.